ಮೆಳ್ಳೆಗಣ್ಣಿಗೆ ವ್ಯಾಯಾಮ: ಯಾರಿಗೆ, ಎಷ್ಟು, ಹೇಗೆ

ತಂದೆತಾಯಂದಿರಿಗೆ ಮತ್ತು ಶಾಲಾ ಶಿಕ್ಷಕರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ

ಮಾತು ಶುರು ಮಾಡುವ ಮೊದಲು ಎಲ್ಲರೂ ಒಂದು ಕೆಲಸ ಮಾಡೋಣ. ಎಡಗೈಯ ತೋರುಬೆರಳನ್ನು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ನೆಟ್ಟಗೆ ಹಿಡಿಯಿರಿ. ಬಲಗೈಯ ತೋರುಬೆರಳನ್ನು ಅದರ ಹಿಂದೆ, ಅದೇ ಸಾಲಿನಲ್ಲಿ, ಕೈ ಚಾಚಿದಷ್ಟು ದೂರ ಹಿಡಿಯಿರಿ. ಈಗ ದೂರದ ಬೆರಳನ್ನೇ ದಿಟ್ಟಿಸಿ. ಹತ್ತಿರದ ಬೆರಳು ಎರಡಾಯಿತಲ್ಲವೆ? ನೋಟವನ್ನು ಹತ್ತಿರದ ಬೆರಳಿಗೆ ತನ್ನಿ. ಅದು ಒಂದಾಗಿ, ದೂರದ್ದು ಎರಡಾಗುತ್ತದೆ. ಮತ್ತೆ ದೂರದ್ದನ್ನೇ ನೋಡುತ್ತಾ ಬಲಗಣ್ಣು ಮುಚ್ಚಿ. ಹತ್ತಿರದ ಜೋಡಿಯಲ್ಲಿ ಎಡಗಡೆಯ ಬೆರಳು ಮಾಯವಾಗುತ್ತದೆ. ಬಲಗಣ್ಣು ಮುಚ್ಚಿದರೆ ಬಲಗಡೆಯದು ಹೋಗಬೇಕು ಎಂದು ಅನ್ನಿಸುತ್ತದೆ, ಆದರೆ ಹೋಗುವುದು ಎಡಗಡೆಯದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ದಾರ ಮತ್ತು ಮಣಿಯ ಅಭ್ಯಾಸಕ್ಕೆ ಬರುವಾಗ ಬೇಕಾಗುತ್ತದೆ.

ಹೀಗೆ ಎರಡಾಗಿ ಕಂಡವರ ಎರಡೂ ಕಣ್ಣುಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಕಾಣದವರು ಗಾಬರಿಯಾಗಬೇಡಿ, ಮೊದಲ ಸಲಕ್ಕೆ ಹಲವರ ಗಮನ ಅಲ್ಲಿಗೆ ಹೋಗುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿ ತೆರೆದು ನಾಲ್ಕಾರು ಸಲ ಮಾಡಿದರೂ ಬೆರಳು ಒಂದೇ ಇದ್ದರೆ, ಮೆದುಳು ಒಂದು ಕಣ್ಣಿನ ಚಿತ್ರವನ್ನು ಅದುಮಿ ಇಡುತ್ತಿರಬಹುದು. ಅಂಥವರು ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು.

ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಅದರಿಂದಾಗಿ ಒಂದೊಂದು ಕಣ್ಣಿಗೂ ಎದುರಿನ ವಸ್ತು ಒಂದಿಷ್ಟು ಬೇರೆ ಕೋನದಲ್ಲಿ ಕಾಣುತ್ತದೆ. ಮೆದುಳು ಆ ಎರಡು ಚಿತ್ರಗಳನ್ನು ಕೂಡಿಸಿ ಒಂದು ಮಾಡುತ್ತದೆ, ಅವುಗಳ ನಡುವಿನ ಸಣ್ಣ ವ್ಯತ್ಯಾಸದಿಂದ ಆಳವನ್ನು ಅಂದಾಜು ಮಾಡುತ್ತದೆ. ಸೂಜಿಗೆ ದಾರ ಪೋಣಿಸುವಾಗ ಕೆಲಸಕ್ಕೆ ಬರುವುದು ಇದೇ ಶಕ್ತಿ. ಮೆಳ್ಳೆಗಣ್ಣಿನಲ್ಲಿ ಒಂದು ಕಣ್ಣು ವಸ್ತುವಿನ ಕಡೆಗೂ ಇನ್ನೊಂದು ಬೇರೆ ಕಡೆಗೂ ತಿರುಗಿರುವುದರಿಂದ ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ದೊಡ್ಡವರಿಗೆ ಹೊಸದಾಗಿ ಹೀಗಾದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಪುಟ್ಟ ಮಗುವಿನ ಮೆದುಳು ಆ ಗೊಂದಲವನ್ನು ಸಹಿಸದೆ ಓರೆಯಾದ ಕಣ್ಣಿನ ಚಿತ್ರವನ್ನೇ ಕೈಬಿಡುತ್ತದೆ. ಹೀಗೆ ಕೈಬಿಟ್ಟ ಕಣ್ಣಿನ ದೃಷ್ಟಿ ಬೆಳೆಯದೆ ಮಂದವಾಗುತ್ತದೆ. ಅದನ್ನೇ ಸೋಮಾರಿ ಕಣ್ಣು ಎನ್ನುವುದು.

ಇನ್ನು ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆಗೆ ಬರೋಣ: ಕಣ್ಣಿನ ಸ್ನಾಯು ಸೋತಿದೆ, ಕಣ್ಣನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಿ ತಿರುಗಿಸಿ ಅದನ್ನು ಗಟ್ಟಿ ಮಾಡಬೇಕು ಎನ್ನುವುದು. ಒಂದೊಂದು ಕಣ್ಣುಗುಡ್ಡೆಗೂ ಆರು ಸ್ನಾಯುಗಳಿವೆ, ನಾಲ್ಕು ನೇರ, ಎರಡು ಓರೆ. ಅವಕ್ಕೆ ಬಲದ ಕೊರತೆ ಇರುವುದು ಅಪರೂಪ. ಮೆಳ್ಳೆಗಣ್ಣಿನ ಮಗುವಿನ ನೇರವಾದ ಕಣ್ಣನ್ನು ಅಂಗೈಯಿಂದ ಮುಚ್ಚಿ, ಆಟಿಕೆಯೊಂದನ್ನು ನಾಲ್ಕೂ ಕಡೆಗೆ ಆಡಿಸಿ ನೋಡಿ. ಬಹುತೇಕ ಮಕ್ಕಳಲ್ಲಿ ಓರೆಗಣ್ಣು ಎಲ್ಲ ಮೂಲೆಗೂ ಸಲೀಸಾಗಿ ಹೋಗುತ್ತದೆ. ಸ್ನಾಯು ಸರಿಯಾಗಿಯೇ ಇದೆ, ಎರಡು ಕಣ್ಣನ್ನು ಒಂದೇ ಕಡೆ ಜೋಡಿಸಿ ಹಿಡಿಯುವ ಮೆದುಳಿನ ಹೊಂದಾಣಿಕೆ ತಪ್ಪಿದೆ ಎಂದು ಅದರ ಅರ್ಥ. ದೃಷ್ಟಿ ವ್ಯಾಯಾಮ ತಿದ್ದುವುದು ಆ ಹೊಂದಾಣಿಕೆಯನ್ನು. ಆದ್ದರಿಂದ ಹೊಂದಾಣಿಕೆ ಸ್ವಲ್ಪವಾದರೂ ಉಳಿದಿರುವ ಕಣ್ಣಿಗೆ ವ್ಯಾಯಾಮ ಫಲ ಕೊಡುತ್ತದೆ, ಇಲ್ಲದ ಕಣ್ಣಿಗೆ ಕೊಡುವುದಿಲ್ಲ. ಇವತ್ತಿನ ಇಡೀ ಮಾತು ನಿಂತಿರುವುದು ಇದರ ಮೇಲೆ.

ಮೊದಲು ವ್ಯಾಯಾಮದ ಯೋಚನೆಯನ್ನೇ ಮಾಡಬಾರದ ಸಂದರ್ಭಗಳನ್ನು ಹೇಳಿಬಿಡುತ್ತೇವೆ. ಮಗುವಿನ ಕಣ್ಣಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಅದು ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಾತ್ರ ಕಂಡರೂ ಸರಿ, ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರೆಟಿನಾದ ಕ್ಯಾನ್ಸರ್ ಮತ್ತು ಹುಟ್ಟಿನಿಂದ ಬಂದ ಪೊರೆ ಎರಡೂ ಮೊದಲು ಮೆಳ್ಳೆಗಣ್ಣಾಗಿಯೇ ಕಾಣಿಸಿಕೊಳ್ಳಬಹುದು. ದೊಡ್ಡವರಿಗೆ ಇದ್ದಕ್ಕಿದ್ದಂತೆ ಎರಡೆರಡಾಗಿ ಕಾಣತೊಡಗಿದರೆ ಅದು ನರದ ತೊಂದರೆ ಇರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಹೆಚ್ಚು. ಜೊತೆಗೆ ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಮೆದುಳಿನ ರಕ್ತನಾಳ ಉಬ್ಬಿರುವ ಸಾಧ್ಯತೆಯಿದೆ; ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಮೇಲೆ ಹೇಳಿದ ಆಟಿಕೆ ಪರೀಕ್ಷೆಯಲ್ಲಿ ಕಣ್ಣು ಒಂದು ದಿಕ್ಕಿಗೆ ಹೋಗಲೇ ಇಲ್ಲ ಎಂದರೂ ಕಾರಣ ಹುಡುಕಬೇಕು, ವ್ಯಾಯಾಮ ಹಚ್ಚಬಾರದು.

ಹುಟ್ಟಿದ ಮೂರು ನಾಲ್ಕು ತಿಂಗಳವರೆಗೆ ಕೂಸಿನ ಕಣ್ಣು ಆಗೀಗ ಆಚೀಚೆ ಹೋಗುವುದು ಸಹಜ. ಮೂಗಿನ ಬುಡ ಅಗಲವಾಗಿರುವ ಮಕ್ಕಳಲ್ಲಿ ಕಣ್ಣು ಒಳಗೆ ತಿರುಗಿದಂತೆ ತೋರುತ್ತದೆ, ನಿಜಕ್ಕೂ ತಿರುಗಿರುವುದಿಲ್ಲ. ಮೊಬೈಲಿನ ದೀಪವನ್ನು ಕೈ ಚಾಚಿದಷ್ಟು ದೂರದಿಂದ ಒಂದು ಕ್ಷಣ ಹಿಡಿಯಿರಿ. ಎರಡೂ ಪಾಪೆಗಳಲ್ಲಿ ಬೆಳಕಿನ ಚುಕ್ಕೆ ಒಂದೇ ಜಾಗದಲ್ಲಿದ್ದರೆ ಕಣ್ಣು ನೇರ ಇದೆ. ಒಂದರಲ್ಲಿ ಅದು ಸರಿದಿದ್ದರೆ, ಪ್ರತಿ 1 ಮಿಲಿಮೀಟರ್ ಸರಿತಕ್ಕೆ ಸುಮಾರು 15 ಪ್ರಿಸಂ ಡಯಾಪ್ಟರ್ ಓರೆ ಎಂದು ಲೆಕ್ಕ. ಒಂದು ಪ್ರಿಸಂ ಡಯಾಪ್ಟರ್ ಎಂದರೆ 1 ಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಪಕ್ಕಕ್ಕೆ ಸರಿಯುವುದು. ಆದರೆ ಈ ಪರೀಕ್ಷೆಯಲ್ಲಿ ಸಣ್ಣ ಓರೆ ಮತ್ತು ಆಗೀಗ ಬರುವ ಓರೆ ಸಿಕ್ಕದೆ ಹೋಗಬಹುದು. ಹಾಗಾಗಿ ಚುಕ್ಕೆ ಸರಿಯಾಗಿದೆ ಎಂದು ಅನುಮಾನವನ್ನು ಪೂರ್ತಿ ಬಿಡಬೇಡಿ. ನಾಲ್ಕು ತಿಂಗಳ ನಂತರವೂ ಓರೆ ಉಳಿದರೆ ತೋರಿಸಲೇಬೇಕು. ಮೆಳ್ಳೆಗಣ್ಣು ಮನೆಗೆ ಅದೃಷ್ಟ ಎಂದು ಬಿಟ್ಟುಬಿಡುವವರು ಈಗಲೂ ಇದ್ದಾರೆ. ಆ ಅದೃಷ್ಟಕ್ಕೆ ಮಗು ತೆರುವುದು ಒಂದು ಕಣ್ಣಿನ ದೃಷ್ಟಿಯನ್ನು.

ಆರು ತಿಂಗಳೊಳಗೇ ಶುರುವಾಗಿ ಎದ್ದುಕಾಣುವಷ್ಟು ಒಳಕ್ಕೆ ತಿರುಗುವ ಕಣ್ಣಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಎರಡು ವರ್ಷ ತುಂಬುವ ಮೊದಲೇ ಮಾಡುವುದು ರೂಢಿ. ಅದಕ್ಕೆ ವ್ಯಾಯಾಮ ಇಲ್ಲ.

ಎರಡು ಮೂರು ವರ್ಷದ ಹೊತ್ತಿಗೆ, ಚಿತ್ರದ ಪುಸ್ತಕ ನೋಡುವ ವಯಸ್ಸಿಗೆ, ಒಳಕ್ಕೆ ತಿರುಗತೊಡಗುವ ಕಣ್ಣಿನ ಕಥೆ ಬೇರೆ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಪ್ಲಸ್ ಪವರ್ ಇರುತ್ತದೆ. +5 ಡಯಾಪ್ಟರ್ ಇರುವ ಮಗು ದೂರದ್ದನ್ನು ಸ್ಪಷ್ಟವಾಗಿ ನೋಡಲೂ 5 ಡಯಾಪ್ಟರಿನಷ್ಟು ಕಣ್ಣೊಳಗಿನ ಲೆನ್ಸನ್ನು ಬಿಗಿಯಬೇಕು. 33 ಸೆಂಟಿಮೀಟರಿನ ಪುಸ್ತಕಕ್ಕೆ ಇನ್ನೂ 3 ಸೇರಿ 8. ಲೆನ್ಸ್ ಬಿಗಿಯುವುದಕ್ಕೂ ಕಣ್ಣು ಒಳಕ್ಕೆ ಕೂಡುವುದಕ್ಕೂ ಮೆದುಳಿನಲ್ಲಿ ಒಂದೇ ಗಂಟು. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಈ ಮಗುವಿಗೆ ಔಷಧ ಪೂರ್ತಿ ಪವರಿನ ಕನ್ನಡಕ, ಎಚ್ಚರವಿರುವಷ್ಟು ಹೊತ್ತೂ. ಆ ಪವರ್ ಸಿಗಬೇಕಾದರೆ ಅಟ್ರೋಪಿನ್ ಅಥವಾ ಸೈಕ್ಲೋಪೆಂಟೊಲೇಟ್ ಹನಿ ಹಾಕಿ ಪರೀಕ್ಷಿಸಬೇಕು. ಹನಿ ಹಾಕದೆ ನೋಡಿದರೆ ಮಗು ಲೆನ್ಸನ್ನು ಬಿಗಿದೇ ಇಟ್ಟುಕೊಂಡು ಪವರನ್ನು ಮುಚ್ಚಿಡುತ್ತದೆ. ಅಟ್ರೋಪಿನ್ ಹಾಕಿದ ಮೇಲೆ ಒಂದೆರಡು ವಾರ ಹತ್ತಿರದ್ದು ಮಸುಕಾಗಿರುತ್ತದೆ, ಹೆದರಬೇಕಿಲ್ಲ. ಇಲ್ಲಿ ತಂದೆತಾಯಿ ಎಡವುವ ಜಾಗ ಒಂದಿದೆ: ಕನ್ನಡಕ ತೆಗೆದಾಗ ಕಣ್ಣು ಮೊದಲಿಗಿಂತ ಹೆಚ್ಚು ಓರೆಯಾಗಿ ಕಾಣುತ್ತದೆ, ಕನ್ನಡಕದಿಂದಲೇ ಕೆಟ್ಟಿತು ಎಂದು ಅದನ್ನು ಡಬ್ಬಿಯಲ್ಲಿಡುತ್ತಾರೆ. ಕನ್ನಡಕ ಹಾಕಿದಾಗ ಕಣ್ಣು ನೇರ ಇದೆಯೇ ಎನ್ನುವುದನ್ನು ಮಾತ್ರ ನೋಡಿ. ಹಾಕಿದಾಗ ದೂರಕ್ಕೆ ನೇರವಾಗಿದ್ದು ಓದುವಾಗ ಮಾತ್ರ ಓರೆಯಾದರೆ ಬೈಫೋಕಲ್ ಕೊಡುತ್ತಾರೆ.

ಸೋಮಾರಿ ಕಣ್ಣಿಗೆ ಕೆಲಸ ಕೊಡಲು ಒಳ್ಳೆಯ ಕಣ್ಣಿನ ಮೇಲೆ ಹಾಕುವ ಪಟ್ಟಿಯ ಬಗ್ಗೆಯೂ ಒಂದು ಮಾತು. ಪಟ್ಟಿ ಕಣ್ಣನ್ನು ನೇರ ಮಾಡುವುದಿಲ್ಲ, ಮಂದವಾದ ಕಣ್ಣಿನ ದೃಷ್ಟಿಯನ್ನು ಎತ್ತುತ್ತದೆ. ಕನ್ನಡಕ ಬೇಕಿದ್ದರೆ ಮೊದಲು ಕನ್ನಡಕ. ಕೆಲವು ಮಕ್ಕಳ ದೃಷ್ಟಿ ಅದರಿಂದಲೇ ಪೂರ್ತಿ ಬರುತ್ತದೆ. ಏರಿಕೆ ನಿಂತ ಮೇಲೆ ಪಟ್ಟಿ. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ಮಧ್ಯಮ ಮಟ್ಟದ ಮಂದದೃಷ್ಟಿಗೆ ದಿನಕ್ಕೆ 2 ಗಂಟೆ ಪಟ್ಟಿ 6 ಗಂಟೆಯಷ್ಟೇ ಕೆಲಸ ಮಾಡಿತು. ತೀವ್ರ ಮಂದದೃಷ್ಟಿಗೆ 6 ಗಂಟೆ ದಿನಪೂರ್ತಿ ಹಾಕಿದಷ್ಟೇ ಕೆಲಸ ಮಾಡಿತು. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ, ಮೇಲೆ ಕನ್ನಡಕ ಹಾಕಿ. ಕನ್ನಡಕದ ಗಾಜಿಗೆ ಬಟ್ಟೆ ಕಟ್ಟಿದರೆ ಮಗು ಪಕ್ಕದಿಂದ ಇಣುಕುತ್ತದೆ, ಆ ಗಂಟೆಗಳು ವ್ಯರ್ಥ. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಹಾಕಿ ಪರೀಕ್ಷೆಗೆ ಹೋಗದೆ ಇದ್ದರೆ ಒಳ್ಳೆಯ ಕಣ್ಣೇ ಮಂದವಾಗುವುದುಂಟು.

ಈಗ ವ್ಯಾಯಾಮವೇ ಮುಖ್ಯ ಚಿಕಿತ್ಸೆಯಾಗಿರುವ ತೊಂದರೆಗೆ ಬರೋಣ. ಅದರ ಹೆಸರು ಕನ್ವರ್ಜೆನ್ಸ್ ಕೊರತೆ. ದೂರಕ್ಕೆ ನೋಡುವಾಗ ಕಣ್ಣುಗಳು ನೇರವೇ ಇರುತ್ತವೆ, ಓದುವ ದೂರಕ್ಕೆ ಬಂದಾಗ ಒಳಕ್ಕೆ ಕೂಡಲಾರದೆ ಹೊರಕ್ಕೆ ಜಾರಲು ನೋಡುತ್ತವೆ. ಕಣ್ಣುಗಳ ಅಂತರ 6 ಸೆಂಟಿಮೀಟರ್ ಇರುವವರು 40 ಸೆಂಟಿಮೀಟರ್ ದೂರದ ಪುಸ್ತಕ ಓದಲು 15 ಪ್ರಿಸಂ ಡಯಾಪ್ಟರಿನಷ್ಟು ಕಣ್ಣು ಕೂಡಿಸಬೇಕು, ಅದೂ ಪುಟದ ಕೊನೆಯವರೆಗೆ ಬಿಡದೆ. ಇದು ಆಗದವರಿಗೆ ಹತ್ತು ಹದಿನೈದು ನಿಮಿಷ ಓದುವುದರಲ್ಲಿ ಹುಬ್ಬಿನ ಮೇಲೆ ನೋವು, ಅಕ್ಷರ ಅಲುಗಾಡಿದಂತೆ, ಸಾಲು ತಪ್ಪಿದಂತೆ, ಕೆಲವೊಮ್ಮೆ ಎರಡು ಸಾಲು ಒಂದರ ಮೇಲೊಂದು. ಒಂದು ಕಣ್ಣು ಮುಚ್ಚಿದರೆ ಹಾಯೆನಿಸುತ್ತದೆ. ಶಿಕ್ಷಕರು ಗಮನಿಸಬೇಕಾದದ್ದು ಇದನ್ನೇ: ಓದುವಾಗ ಒಂದು ಕಣ್ಣಿಗೆ ಕೈ ಅಡ್ಡ ಹಿಡಿಯುವ ಮಗು. ದೂರದ ಬೋರ್ಡು ಚೆನ್ನಾಗಿ ಕಾಣುವುದರಿಂದ ಮಾಮೂಲಿ ಅಕ್ಷರದ ಚಾರ್ಟಿನಲ್ಲಿ ಇವರು ಪಾಸಾಗುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇಂಥ ಮಗುವಿನ ಹೆಸರನ್ನು ನೀವಾಗಿಯೇ ಹೇಳಿ.

ಮನೆಯಲ್ಲಿ ಅಳೆಯುವುದು ಸುಲಭ. ಒಂದು ಸ್ಕೇಲಿನ ಸೊನ್ನೆಯ ತುದಿಯನ್ನು ಮಗುವಿನ ಹುಬ್ಬುಗಳ ನಡುವೆ ಮೆಲ್ಲಗೆ ಊರಿ. ಸಣ್ಣ ಅಕ್ಷರ ಬರೆದ ಕಡ್ಡಿಯನ್ನು 40 ಸೆಂಟಿಮೀಟರಿನಿಂದ ನಿಧಾನವಾಗಿ ಹತ್ತಿರ ತನ್ನಿ. ಮಗು ಎರಡು ಎಂದ ಜಾಗ, ಅಥವಾ ಒಂದು ಕಣ್ಣು ಹೊರಕ್ಕೆ ಜಾರಿದ್ದು ನಿಮಗೆ ಕಂಡ ಜಾಗ, ಒಡೆಯುವ ಬಿಂದು. ಕಡ್ಡಿಯನ್ನು ಹಿಂದಕ್ಕೆ ಒಯ್ಯಿರಿ. ಮತ್ತೆ ಒಂದಾಗುವುದು ಕೂಡುವ ಬಿಂದು. ಒಡೆಯುವ ಬಿಂದು 6 ಸೆಂಟಿಮೀಟರ್ ಅಥವಾ ಅದಕ್ಕಿಂತ ದೂರ ಇದ್ದರೆ ಅನುಮಾನಿಸಬೇಕು. ಮೂರು ನಾಲ್ಕು ಸಲ ಅಳೆಯಿರಿ. ಕೊರತೆ ಇರುವವರಲ್ಲಿ ಸಲದಿಂದ ಸಲಕ್ಕೆ ಬಿಂದು ದೂರ ಸರಿಯುತ್ತದೆ.

ಆಸ್ಪತ್ರೆಯಲ್ಲಿ ಇನ್ನೆರಡು ಅಳತೆ ಸೇರಿಸುತ್ತಾರೆ. ಹತ್ತಿರಕ್ಕೆ ಹೊರಜಾರು ದೂರಕ್ಕಿಂತ ಕನಿಷ್ಠ 4 ಪ್ರಿಸಂ ಡಯಾಪ್ಟರ್ ಹೆಚ್ಚಿದೆಯೇ, ಪ್ರಿಸಂ ಎಂಬ ಬೆಳಕು ಬಾಗಿಸುವ ಗಾಜು ಹಿಡಿದು ಕಷ್ಟ ಕೊಟ್ಟಾಗ ಕಣ್ಣು ಎಷ್ಟರವರೆಗೆ ಕೂಡಿಸಿಕೊಂಡಿರುತ್ತದೆ ಎನ್ನುವುದು. ಶೀರ್ಡ್ ಎಂಬುವರ ಹಳೆಯ ನಿಯಮವೊಂದಿದೆ: ಜಾರು ಎಷ್ಟಿದೆಯೋ ಅದರ ಎರಡು ಪಟ್ಟು ಕೂಡುವ ಶಕ್ತಿ ಕೈಯಲ್ಲಿರಬೇಕು. ಸಾಲ 10 ಇದ್ದರೆ ಗಂಟಿನಲ್ಲಿ 20 ಇರಬೇಕು ಎಂದ ಹಾಗೆ. ವ್ಯಾಯಾಮದಿಂದ ಸಾಲ ತೀರುವುದಿಲ್ಲ, ಗಂಟು ಬೆಳೆಯುತ್ತದೆ. ಜಾರು 10 ಇದ್ದದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಅದನ್ನು ತಡೆದು ಹಿಡಿಯಲು ಕಣ್ಣಿಗೆ ಕಷ್ಟವಾಗುವುದಿಲ್ಲ.

ಫಲದ ಬಗ್ಗೆ ಒಳ್ಳೆಯ ಪುರಾವೆ ಇದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 9ರಿಂದ 17 ವರ್ಷದ 221 ಮಕ್ಕಳನ್ನು ನಾಲ್ಕು ಗುಂಪು ಮಾಡಿ 12 ವಾರ ಚಿಕಿತ್ಸೆ ಕೊಟ್ಟರು. ವಾರಕ್ಕೊಮ್ಮೆ 60 ನಿಮಿಷ ಕ್ಲಿನಿಕ್ಕಿನಲ್ಲಿ, ಉಳಿದಂತೆ ವಾರಕ್ಕೆ 5 ದಿನ ದಿನಕ್ಕೆ 15 ನಿಮಿಷ ಮನೆಯಲ್ಲಿ ಅಭ್ಯಾಸ ಮಾಡಿದವರಲ್ಲಿ ಶೇ. 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಬರೀ ಪೆನ್ಸಿಲ್ ಅಭ್ಯಾಸ (ಪೆನ್ಸಿಲಿನ ತುದಿಯನ್ನು ದಿಟ್ಟಿಸುತ್ತ ಮೂಗಿನ ಕಡೆಗೆ ತರುವುದು) ಮಾಡಿದವರಲ್ಲಿ ಶೇ. 43. ಮನೆಯಲ್ಲಿ ಕಂಪ್ಯೂಟರ್ ಅಭ್ಯಾಸದ ಜೊತೆಗೆ ಪೆನ್ಸಿಲ್ ಮಾಡಿದವರಲ್ಲಿ ಶೇ. 33. ಚಿಕಿತ್ಸೆಯಂತೆ ತೋರುವ, ಆದರೆ ಕೂಡುವ ಶಕ್ತಿಗೆ ಏನೂ ಮಾಡದ ತೋರಿಕೆಯ ಅಭ್ಯಾಸದ ಗುಂಪಿನಲ್ಲಿ ಶೇ. 35. ಎಂದರೆ ಬರೀ ಪೆನ್ಸಿಲ್ ತೋರಿಕೆಯ ಅಭ್ಯಾಸಕ್ಕಿಂತ ಖಚಿತವಾಗಿ ಮೇಲು ಎಂದು ಹೇಳಲಾಗಲಿಲ್ಲ. ಒಂದು ಚೀಟಿಯಲ್ಲಿ ಪೆನ್ಸಿಲ್ ವ್ಯಾಯಾಮ ಎಂದು ಬರೆದು ಮೂರು ತಿಂಗಳು ಬಿಟ್ಟು ಬನ್ನಿ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಅದು ಸಾಲದು. ವಾರ ವಾರ ಜಿಲ್ಲಾ ಕೇಂದ್ರಕ್ಕೆ ಬರಲಾಗದ ಮನೆಯವರಿಗೆ ನಮ್ಮ ಸಲಹೆ, ಮೂರು ಬಗೆಯ ಅಭ್ಯಾಸವನ್ನು ಕ್ಲಿನಿಕ್ಕಿನಲ್ಲಿ ಮಗುವಿನ ಕೈಯಲ್ಲಿ ಮಾಡಿಸಿ ಕಲಿತು, ಮನೆಯಲ್ಲಿ ದೊಡ್ಡವರೊಬ್ಬರು ಎದುರು ಕೂತು ಮಾಡಿಸುವುದು, ಎರಡು ಮೂರು ವಾರಕ್ಕೊಮ್ಮೆಯಾದರೂ ಅಳತೆ ಹಾಕಿಸುವುದು.

ಆ ಮೂರನ್ನೂ ಹೇಳುತ್ತೇವೆ. ಕನ್ನಡಕ ಇದ್ದರೆ ಹಾಕಿಕೊಂಡೇ ಮಾಡಬೇಕು. ಹೊತ್ತು ಬೆಳಿಗ್ಗೆ ಅಥವಾ ಶಾಲೆಯಿಂದ ಬಂದು ತಿಂಡಿ ತಿಂದ ಮೇಲೆ. ರಾತ್ರಿ ನಿದ್ದೆಗಣ್ಣಿನಲ್ಲಿ ಬೇಡ.

ಪೆನ್ಸಿಲ್: ಗೋಡೆಗೆ 6ರಿಂದ 8 ಅಡಿ ದೂರ ಕೂರಿಸಿ. ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಚೀಟಿ ಅಂಟಿಸಿ. ಪೆನ್ಸಿಲಿನ ತುದಿಯಲ್ಲಿ ಸಣ್ಣ ಅಕ್ಷರ ಬರೆದು, ಕೈ ಚಾಚಿ ಕಣ್ಣಿಗಿಂತ ಸ್ವಲ್ಪ ಕೆಳಗೆ ಹಿಡಿಸಿ. ಮಗು ಅಕ್ಷರವನ್ನೇ ನೋಡುವಾಗ ಹಿಂದಿನ ಚೀಟಿ ಎರಡಾಗಿ ಕಾಣಬೇಕು. ಇದು ಈ ಅಭ್ಯಾಸದ ಬೀಗದ ಕೈ, ಚೀಟಿ ಇಲ್ಲದೆ ಮಾಡಿಸಿದರೆ ಮಗು ಒಂದೇ ಕಣ್ಣಿನಲ್ಲಿ ನೋಡುತ್ತಿದೆಯೋ ಎರಡರಲ್ಲೋ ತಿಳಿಯುವುದಿಲ್ಲ. ಪೆನ್ಸಿಲನ್ನು ನಿಧಾನವಾಗಿ ಮೂಗಿನ ಕಡೆಗೆ ತರಲಿ. ಎರಡಾದ ಕೂಡಲೇ ನಿಂತು, ಒಂದು ಮಾಡಲು ಎರಡು ಮೂರು ಸೆಕೆಂಡ್ ಪ್ರಯತ್ನಿಸಲಿ. ಒಂದಾದರೆ ಮುಂದಕ್ಕೆ, ಆಗದಿದ್ದರೆ ಒಂದಾಗುವವರೆಗೆ ಹಿಂದಕ್ಕೆ ಒಯ್ದು ಮತ್ತೆ ತರಲಿ. 20 ಸಲಕ್ಕೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು, ವಾರಕ್ಕೆ 5 ದಿನ. ನಡುವೆ ಅರ್ಧ ನಿಮಿಷ ಕಿಟಕಿಯಾಚೆ ದೂರ ನೋಡಿಸಿ.

ಇದರಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ಮಗು ಪೆನ್ಸಿಲನ್ನು ಮೂಗಿಗೆ ಮುಟ್ಟಿಸಿ ಒಂದೇ ಕಾಣುತ್ತೆ ಅಮ್ಮ ಎನ್ನುತ್ತದೆ. ಅಮ್ಮ ಸಂತೋಷಪಡುವ ಮೊದಲು ಎರಡೂ ಕಣ್ಣನ್ನು ನೋಡಬೇಕು. ಒಂದು ಕಣ್ಣು 10 ಸೆಂಟಿಮೀಟರಿನಲ್ಲೇ ಹೊರಕ್ಕೆ ಹೋಗಿದ್ದರೆ, ಮೆದುಳು ಆ ಚಿತ್ರವನ್ನು ಅದುಮಿದೆ, ಅದಕ್ಕೇ ಒಂದು ಕಾಣುತ್ತಿದೆ. ಹೀಗೆ ನೂರು ಸಲ ಮಾಡಿದರೂ ಅದುಮುವ ಅಭ್ಯಾಸವೇ ಗಟ್ಟಿಯಾಗುತ್ತದೆ. ಕಣ್ಣು ಜಾರಿದ ಜಾಗದಲ್ಲಿ ನಿಲ್ಲಿಸಿ, ಚೀಟಿ ಎರಡಿದೆಯಾ ಎಂದು ಕೇಳಿ, ಇಲ್ಲದಿದ್ದರೆ ಹಿಂದಕ್ಕೆ ಒಯ್ದು ಮತ್ತೆ ಶುರು ಮಾಡಿಸಿ.

ಎರಡನೆಯದು ದಾರ ಮತ್ತು ಮಣಿ. ಫ್ರೆಡರಿಕ್ ಬ್ರಾಕ್ ಎಂಬ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಆಪ್ಟೋಮೆಟ್ರಿಸ್ಟ್ ರೂಪಿಸಿದ್ದು, ಬ್ರಾಕ್ ದಾರ ಎಂದೇ ಹೆಸರು. ಅಂಗಡಿಯಲ್ಲಿ ಕೊಳ್ಳಬೇಕಿಲ್ಲ: 3 ಮೀಟರ್ ಬಿಳಿ ದಾರ, ಹೊಲಿಗೆ ದಾರಕ್ಕಿಂತ ದಪ್ಪ, ಕೆಂಪು, ಹಳದಿ, ಹಸಿರು ಬಣ್ಣದ ಮೂರು ಮಣಿ, ತೂತು ಬಿಗಿಯಾಗಿರಲಿ, ಇಟ್ಟಲ್ಲಿ ನಿಲ್ಲಬೇಕು. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಇನ್ನೊಂದು ತುದಿಯನ್ನು ಮಗು ಮೂಗಿನ ತುದಿಗೆ ಒತ್ತಿ, ದಾರ ಬಿಗಿಯಾಗಿ ಹಿಡಿಯಲಿ. ಮಣಿಗಳು 40 ಸೆಂಟಿಮೀಟರ್, 1.5 ಮೀಟರ್, ಮತ್ತು ಕಿಟಕಿಯ ಹತ್ತಿರ. ದಾರಕ್ಕೆ ಹಿಂದೆ ಗಾಢ ಬಣ್ಣದ ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ.

ನಡುವಿನ ಮಣಿಯನ್ನು ನೋಡಿದಾಗ ಆ ಮಣಿ ಒಂದು, ಉಳಿದೆರಡೂ ಜೋಡಿ ಜೋಡಿ. ದಾರ ಎರಡಾಗಿ, ಕತ್ತರಿಯಂತೆ ಆ ಮಣಿಯಲ್ಲೇ ಅಡ್ಡ ಹಾಯಬೇಕು. ಈ ಕತ್ತರಿ ಎಲ್ಲಿ ಹಾಯುತ್ತದೆ ಎಂಬುದರಲ್ಲಿ ಎಲ್ಲ ವಿಷಯವೂ ಇದೆ. ಮಣಿಗಿಂತ ಹಿಂದೆ, ದೂರದಲ್ಲಿ ಹಾಯ್ದರೆ ಕಣ್ಣು ಸಾಕಷ್ಟು ಕೂಡುತ್ತಿಲ್ಲ. ಮಣಿಗಿಂತ ಮುಂದೆ, ಮೂಗಿನ ಕಡೆ ಹಾಯ್ದರೆ ಬೇಕಾದದ್ದಕ್ಕಿಂತ ಹೆಚ್ಚು ಕೂಡುತ್ತಿದೆ. ದಾರ ಒಂದೇ ಕಂಡರೆ ಒಂದು ಕಣ್ಣಿನ ಚಿತ್ರ ಅದುಮಿಹೋಗಿದೆ. ಯಾವ ಕಣ್ಣಿನದು? ಮೂಗಿನ ಹತ್ತಿರ ಎಡಗಡೆಯಿಂದ ಹೊರಟು ಮಣಿ ದಾಟಿ ಬಲಕ್ಕೆ ಹೋಗುವ ದಾರ ಬಲಗಣ್ಣಿನದು, ಆರಂಭದ ಬೆರಳಿನ ಆಟದ ಲೆಕ್ಕವೇ. ಅದು ಕಾಣದಿದ್ದರೆ ಬಲಗಣ್ಣು ಸುಮ್ಮನಿದೆ. ಆಗ ಎರಡು ಮೂರು ಸಲ ಕಣ್ಣು ಮಿಟುಕಿಸಲಿ, ದಾರವನ್ನು ಬೆರಳಿಂದ ಮೀಟಿ ಅಲುಗಿಸಿ, ಕೋಣೆಯ ಬೆಳಕು ಹೆಚ್ಚಿಸಿ. ಅಲುಗುವ ದಾರವನ್ನು ಮೆದುಳು ಸುಲಭವಾಗಿ ಮರೆಯಲಾರದು. ಹೀಗೆ ಮಾಡಿದರೂ ಬರದಿದ್ದರೆ ಕೆಂಪು-ಹಸಿರು ಕನ್ನಡಕ ಹಾಕಿಸಿ ಮಾಡಿಸುವ ಕ್ರಮವಿದೆ. ಅದನ್ನು ಕ್ಲಿನಿಕ್ಕಿನಲ್ಲೇ ಮಾಡಬೇಕು.

ದಾರ ಸರಿಯಾಗಿ ಕಾಣತೊಡಗಿದ ಮೇಲೆ ಜಿಗಿತ. ಹತ್ತಿರದ ಮಣಿಯಲ್ಲಿ 5 ಸೆಕೆಂಡ್, ನಡುವಿನದರಲ್ಲಿ 5, ದೂರದ್ದರಲ್ಲಿ 5, ಮತ್ತೆ ಹಿಂದಕ್ಕೆ. ಹೀಗೆ 10 ಸುತ್ತು. ಪ್ರತಿ ನಿಲುಗಡೆಯಲ್ಲೂ ಕತ್ತರಿ ಮಣಿಯಲ್ಲೇ ಇದೆ ಎಂದು ಮಗು ಬಾಯಿಬಿಟ್ಟು ಹೇಳಲಿ. ಸಲೀಸಾದ ಮೇಲೆ ಹತ್ತಿರದ ಮಣಿಯನ್ನು 2 ಸೆಂಟಿಮೀಟರಿನಷ್ಟು ಮುಂದಕ್ಕೆ ತನ್ನಿ. ಕೊನೆಯ ಗುರಿ, ಮೂಗಿನಿಂದ 5 ಸೆಂಟಿಮೀಟರಿನಲ್ಲಿ ಮಣಿಯನ್ನು ಒಂದಾಗಿ ಹಿಡಿಯುವುದು. ಆಮೇಲೆ ಇರುವೆ ನಡಿಗೆ: ದಾರದ ಮೇಲೆ ಕಿಟಕಿಯಿಂದ ಇರುವೆಯೊಂದು ಮೂಗಿನವರೆಗೆ ನಡೆದು ಬರುತ್ತಿದೆ ಎಂದುಕೊಂಡು ನೋಟವನ್ನು ಮೆಲ್ಲಗೆ ತರುವುದು, ಮಣಿಯ ಆಸರೆ ಇಲ್ಲದೆ. ಪುಟ್ಟ ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ.

ಮೂರನೆಯದು ಚುಕ್ಕೆ ಕಾರ್ಡು. ಸುಮಾರು 15 ಸೆಂಟಿಮೀಟರ್ ಉದ್ದದ ರಟ್ಟಿನ ಒಂದು ಮೈಗೆ ಮೂರು ಕೆಂಪು ದುಂಡುಚುಕ್ಕೆ, ಇನ್ನೊಂದು ಮೈಗೆ ಅದೇ ಜಾಗಗಳಲ್ಲಿ ಮೂರು ಹಸಿರು. ಮೂಗಿನ ಕಡೆಯದು ಸಣ್ಣದು, ಆಚೆಯದು ದೊಡ್ಡದು. ರಟ್ಟನ್ನು ಲಂಬವಾಗಿ ಮೂಗಿಗೆ ತಾಗಿಸಿದರೆ ಒಂದೊಂದು ಕಣ್ಣಿಗೆ ಒಂದೊಂದು ಬಣ್ಣ ಕಾಣುತ್ತದೆ. ದೂರದ ಜೋಡಿಯನ್ನು ಕೂಡಿಸಿದಾಗ ಕೆಂಪು ಹಸಿರು ಬೆರೆತ ಒಂದೇ ಚುಕ್ಕೆಯಾಗಬೇಕು, ಉಳಿದವು ಜೋಡಿಯಾಗಿರಬೇಕು. 5 ಸೆಕೆಂಡ್ ಹಿಡಿದು ನಡುವಿನದಕ್ಕೆ, ನಂತರ ಹತ್ತಿರದ್ದಕ್ಕೆ. ಬರೀ ಕೆಂಪು ಅಥವಾ ಬರೀ ಹಸಿರು ಕಂಡರೆ ಅದುಮುವಿಕೆ. ಪೆನ್ಸಿಲಿನಲ್ಲಿ 8 ಸೆಂಟಿಮೀಟರಿಗೆ ಬಂದ ಮೇಲಷ್ಟೇ ಇದಕ್ಕೆ ಕೈ ಹಾಕಿ, ಮೊದಲೇ ಕೊಟ್ಟರೆ ಮಗು ಬೇಸತ್ತು ಎಲ್ಲವನ್ನೂ ಬಿಡುತ್ತದೆ.

ಕ್ಲಿನಿಕ್ಕಿನಲ್ಲಿ ಇದರ ಜೊತೆಗೆ +2 ಮತ್ತು −2 ಲೆನ್ಸುಗಳನ್ನು ತಿರುಗಿಸಿ ಓದಿಸುವ ಅಭ್ಯಾಸ, ಸ್ಟೀರಿಯೋ ಚಿತ್ರಗಳನ್ನು ಸರಿಸಿ ಕಣ್ಣು ಕೂಡಿಸುವ ಮತ್ತು ಬಿಚ್ಚುವ ಅಭ್ಯಾಸ ಇರುತ್ತವೆ. ಬಿಚ್ಚುವುದನ್ನು ಮರೆಯಬಾರದು. ಕೂಡಿಸುವುದನ್ನೇ ಅತಿಯಾಗಿ ಮಾಡಿದರೆ ಕಣ್ಣು ಒಳಗೇ ಬಿಗಿದುಕೊಂಡು ದೂರದ್ದು ಮಸುಕಾಗುವುದು, ಎರಡಾಗುವುದು ಉಂಟು. ಬೇಗ ವಾಸಿಯಾಗಲಿ ಎಂದು ದಿನಕ್ಕೆ ಒಂದು ಗಂಟೆ ಮಾಡಿಸುವ ಮನೆಗಳಲ್ಲಿ ಇದರ ಭಯ ಹೆಚ್ಚು. ಮೊದಲ ವಾರ ಸ್ವಲ್ಪ ತಲೆಭಾರ ಸಹಜ. ಎರಡನೇ ವಾರವೂ ನೋವಿದ್ದರೆ ಸಲಗಳನ್ನು ಅರ್ಧಕ್ಕೆ ಇಳಿಸಿ, ಕನ್ನಡಕದ ಪವರ್ ಮತ್ತೊಮ್ಮೆ ನೋಡಿಸಿ.

ಹೊರಕ್ಕೆ ಆಗೀಗ ತಿರುಗುವ ಕಣ್ಣು ಕನ್ವರ್ಜೆನ್ಸ್ ಕೊರತೆಗೆ ಹತ್ತಿರದ ಸಂಬಂಧಿ. ಮಗು ದಣಿದಾಗ, ಜ್ವರ ಬಂದಾಗ, ಎಲ್ಲೋ ದಿಟ್ಟಿಸುತ್ತ ಕೂತಾಗ ಒಂದು ಕಣ್ಣು ಹೊರಕ್ಕೆ ಹೋಗುತ್ತದೆ; ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚುತ್ತದೆ. ಓರೆ ಸಣ್ಣದಾಗಿದ್ದು ಹತ್ತಿರಕ್ಕೆ ಹೆಚ್ಚಿದ್ದರೆ ಮೇಲಿನ ಅಭ್ಯಾಸಗಳನ್ನು ಪ್ರಯತ್ನಿಸಬಹುದು. ದೂರಕ್ಕೆ ದೊಡ್ಡದಾಗಿ, ದಿನದ ಹೆಚ್ಚು ಹೊತ್ತು ತಿರುಗಿರುವ ಕಣ್ಣಿಗೆ ವ್ಯಾಯಾಮವನ್ನೇ ನಂಬಿ ವರ್ಷ ಕಳೆಯಬಾರದು. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ತಿರುಗಿತು, ಮಿಟುಕಿಸಿದರೆ ತಾನೇ ನೇರವಾಯಿತೇ ಎಂದು ಬರೆದಿಡಿ. ಆ ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತಾಡುವ ಹೊತ್ತು ಬಂದಿದೆ. ಬೇಡದ ಮೈನಸ್ ಪವರ್ ಕೊಟ್ಟು ಕಣ್ಣನ್ನು ಒಳಕ್ಕೆ ಎಳೆಯುವ ಉಪಾಯವೊಂದಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಹಾಕಿರುವಷ್ಟು ದಿನ ಲಾಭ ಕಂಡಿತು, ಬಿಡಿಸಿದ ಮೇಲೆ ಉಳಿಯಲಿಲ್ಲ, ಮೇಲಾಗಿ ಮಕ್ಕಳ ಮೈನಸ್ ಪವರ್ ಏರಿತು.

ದೊಡ್ಡವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬಾಲ್ಯದಿಂದ ಮೆಳ್ಳೆಗಣ್ಣಿರುವ, ಎರಡಾಗಿ ಕಾಣದೆ ನೆಮ್ಮದಿಯಾಗಿರುವವರು ವಿಡಿಯೋ ನೋಡಿ ಅದುಮುವಿಕೆ ಒಡೆಯುವ ಅಭ್ಯಾಸಗಳನ್ನು ತಾವೇ ಮಾಡಬಾರದು. ಕೂಡಿಸುವ ಶಕ್ತಿ ಬೆಳೆದೇ ಇಲ್ಲದ ಮೆದುಳಿನಲ್ಲಿ ಅದುಮುವಿಕೆ ಒಡೆದರೆ ಉಳಿಯುವುದು ಎರಡು ಚಿತ್ರ. ಅದನ್ನು ಮತ್ತೆ ಮುಚ್ಚುವ ದಾರಿ ಇಲ್ಲದೆ ಒಂದು ಕಣ್ಣಿಗೆ ಮಸುಕು ಗಾಜು ಹಾಕಿಕೊಂಡು ಬದುಕಬೇಕಾಗಬಹುದು. ಪ್ರಿಸಂ ಹಿಡಿದು ಕೂಡುವ ಶಕ್ತಿ ಇದೆಯೇ ಎಂದು ಮೊದಲು ನೋಡಿಯೇ ಮುಂದುವರಿಯಬೇಕು.

ದೃಷ್ಟಿ ವ್ಯಾಯಾಮದಿಂದ ಓದಿನಲ್ಲಿ ಹಿಂದುಳಿದ ಮಗು ಮುಂದೆ ಬರುತ್ತದೆ, ಡಿಸ್ಲೆಕ್ಸಿಯಾ ಎನ್ನುವ ಅಕ್ಷರ ಓದುವ ತೊಂದರೆ ಹೋಗುತ್ತದೆ ಎಂಬ ಜಾಹೀರಾತುಗಳಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. 9ರಿಂದ 14 ವರ್ಷದ 300ಕ್ಕೂ ಹೆಚ್ಚು ಮಕ್ಕಳ ಮೇಲೆ 16 ವಾರ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೇಳಿಕೊಂಡಿತ್ತು. ಓದಿ ಅರ್ಥಮಾಡಿಕೊಳ್ಳುವ ಶಕ್ತಿಯಲ್ಲಿ ನಿಜವಾದ ಚಿಕಿತ್ಸೆ ತೋರಿಕೆಯ ಚಿಕಿತ್ಸೆಗಿಂತ ಹೆಚ್ಚಿನದೇನೂ ಮಾಡಲಿಲ್ಲ. ಕಣ್ಣುನೋವು ಹೋದ ಮಗು ಹೆಚ್ಚು ಹೊತ್ತು ಕೂರಬಹುದು, ಅಷ್ಟು ಸಾಕು. ಅಕ್ಷರದ ತೊಂದರೆಗೆ ಬೇಕಾದದ್ದು ಅಕ್ಷರ ಕಲಿಸುವ ವಿಶೇಷ ಶಿಕ್ಷಣ. ದೀಪ ದಿಟ್ಟಿಸುವ ತ್ರಾಟಕ ಮನಸ್ಸಿನ ಏಕಾಗ್ರತೆಗೆ ಇರುವ ಸಾಧನೆ, ಮೆಳ್ಳೆಗಣ್ಣನ್ನು ಅದು ನೇರ ಮಾಡದು. ಸೂರ್ಯನನ್ನು ಮಾತ್ರ ಯಾವ ಹೊತ್ತಿನಲ್ಲೂ ದಿಟ್ಟಿಸಬೇಡಿ, ರೆಟಿನಾ ಸುಡುತ್ತದೆ.

ಎಲ್ಲಿಗೆ ಹೋಗಬೇಕು ಎಂದರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ, ಅಥವಾ ಮಕ್ಕಳ ಕಣ್ಣಿನ ವಿಭಾಗವಿರುವ ಯಾವುದೇ ಆಸ್ಪತ್ರೆ. ಚಿಕಿತ್ಸೆ ಶುರು ಮಾಡುವವರನ್ನು ಮೂರು ಪ್ರಶ್ನೆ ಕೇಳಿ: ಹನಿ ಹಾಕಿ ಪವರ್ ನೋಡಿದಿರಾ, ಇದು ಯಾವ ಬಗೆಯ ಓರೆ, ಎಷ್ಟು ವಾರದಲ್ಲಿ ಯಾವ ಅಳತೆ ಬದಲಾಗಬೇಕು. ಮೂರನೆಯದಕ್ಕೆ ಅಂಕಿಯಲ್ಲಿ ಉತ್ತರ ಸಿಗದ ಕಡೆ ವರ್ಷದ ಪ್ಯಾಕೇಜಿಗೆ ಹಣ ಕಟ್ಟಬೇಡಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಸಲ ಮಾಡಿತು, ವಾರಕ್ಕೊಮ್ಮೆ ಸ್ಕೇಲಿನಲ್ಲಿ ಒಡೆಯುವ ಬಿಂದು ಮತ್ತು ಕೂಡುವ ಬಿಂದು. 12 ವಾರ ಮುಗಿದಾಗ ಒಡೆಯುವ ಬಿಂದು 6 ಸೆಂಟಿಮೀಟರಿಗಿಂತ ಒಳಗಿದ್ದು ಓದುವಾಗ ನೋವಿಲ್ಲದಿದ್ದರೆ ದಿನದ ಅಭ್ಯಾಸ ನಿಲ್ಲಿಸಿ, ವಾರಕ್ಕೆ ಒಂದೆರಡು ಸಲ ದಾರದ ಮುಂದೆ 5 ನಿಮಿಷ ಕೂರಿಸಿ. 2008ರ ಆ ಅಧ್ಯಯನದಲ್ಲಿ ಗುಣವಾದ ಮಕ್ಕಳಲ್ಲಿ ಬಹುಪಾಲು ಮಂದಿಗೆ ವರ್ಷದ ನಂತರವೂ ಲಾಭ ಉಳಿದಿತ್ತು. ಪರೀಕ್ಷೆಯ ತಿಂಗಳಲ್ಲಿ ತಲೆನೋವು ಮರಳಿದರೆ ಮತ್ತೆ ಸ್ಕೇಲು ಹಿಡಿಯಿರಿ. ಬಿಂದು 8, 10ಕ್ಕೆ ಸರಿದಿದ್ದರೆ ಎರಡು ಮೂರು ವಾರ ಪೆನ್ಸಿಲ್ ಮತ್ತು ದಾರ ಮೊದಲಿನ ಹಾಗೆ. ಅಷ್ಟಕ್ಕೂ ಒಳಗೆ ಬರದಿದ್ದರೆ ನೋಟ್‌ಬುಕ್ಕಿನ ಸಮೇತ ಡಾಕ್ಟರ ಹತ್ತಿರ ಬನ್ನಿ.